ಗೆರೆಯಣ್ಣನ ನೈಲಾನ್ ಒರೆ

ಮೇಲಿನ ಮಹಡಿಯ ನಾಯಿಗೆ ಚರ್ಮದ ರುಚಿ ಹತ್ತಿ ಎರಡು ತಿಂಗಳಾಗಿತ್ತು. ಮೊದಲು ಅದು ತನ್ನ ಯಜಮಾನರ ಕನ್ನಡಕದ ಪೆಟ್ಟಿಗೆಯನ್ನು ತಿಂದಿತು. ಆಮೇಲೆ ಕೆಳಗಿನ ಮಹಡಿಯ ಟೈಲರ್ ಅಕ್ಕನ ಎಡಗಾಲಿನ ಚಪ್ಪಲಿಯನ್ನು ತಿಂದಿತು. ಬಲಗಾಲಿನದನ್ನು ಮುಟ್ಟಲಿಲ್ಲವಾದ್ದರಿಂದ ಅದಕ್ಕೆ ದುರುದ್ದೇಶವೇನೂ ಇರಲಿಲ್ಲವೆಂದು ಯಜಮಾನರು ವಾದಿಸಿದರು. ಈ ದಿನ ಬೆಳಗಿನ ಆರೂವರೆಯ ಹೊತ್ತಿಗೆ ಅದು ತಿಂದು ಮುಗಿಸಿದ್ದು ನಡುವಿನ ಮಹಡಿಯ ಗೆರೆಯಣ್ಣನ ಚಾಕುವಿನ ಒರೆಯನ್ನು.

ತಪ್ಪು ಪೂರ್ತಿ ನಾಯಿಯದೇ ಎನ್ನುವಂತಿಲ್ಲ. ಒರೆಯ ಚರ್ಮ ಒಣಗಿ ಬಿರುಕು ಬಿಟ್ಟಿದೆಯೆಂದು ಗೆರೆಯಣ್ಣ ಹಿಂದಿನ ದಿನ ಅದಕ್ಕೆ ಅಡುಗೆ ಎಣ್ಣೆ ಸವರಿ ಮೆಟ್ಟಿಲ ಕಂಬಿಗೆ ತೂಗುಹಾಕಿದ್ದ. ಚರ್ಮಕ್ಕೆ ಎಣ್ಣೆ ಹಚ್ಚಿ ದಾರಿಯಲ್ಲಿ ತೂಗುಹಾಕಿದರೆ ಯಾವ ನಾಯಿಯಾದರೂ ತನ್ನನ್ನು ಊಟಕ್ಕೆ ಕರೆದರೆಂದೇ ತಿಳಿಯುತ್ತದೆ. ಬೆಳಿಗ್ಗೆ ಬಾಗಿಲು ತೆಗೆದಾಗ ಅವನಿಗೆ ಸಿಕ್ಕಿದ್ದು ಒಂದು ಹಿತ್ತಾಳೆಯ ಗುಂಡಿ ಮಾತ್ರ.

ಗೆರೆಯಣ್ಣ ಹಾಸಿಗೆ ಕಾರ್ಖಾನೆಯಲ್ಲಿ ಫೋಮು ಕತ್ತರಿಸುವವನು. ಅಳತೆಪಟ್ಟಿ ಇಲ್ಲದೆ, ಬಳಪದ ಗುರುತಿಲ್ಲದೆ, ಬಾಗಿಲಷ್ಟು ಉದ್ದದ ಫೋಮನ್ನು ಒಂದೇ ಎಳೆತಕ್ಕೆ ನೇರವಾಗಿ ಸೀಳುತ್ತಿದ್ದ. ಆ ಹೆಸರು ಬಂದದ್ದೂ ಅದರಿಂದಲೇ. ಅವನ ಚಾಕು ಮಡಚುವಂಥದ್ದಲ್ಲ. ಒಂಬತ್ತು ಇಂಚಿನ ಸಪೂರ ಅಲಗು ಹಿಡಿಗೆ ಕಚ್ಚಿಕೊಂಡೇ ಇರುವಂಥದ್ದು. ಹಿಡಿಗೆ ಕಪ್ಪು ಟೇಪು ಸುತ್ತಿತ್ತು. ಹನ್ನೊಂದು ವರ್ಷದಿಂದ ಅದನ್ನು ಅವನು ಬೇರೆಯವರ ಕೈಗೆ ಕೊಟ್ಟದ್ದಿಲ್ಲ. ಹೆಂಡತಿ ಒಮ್ಮೆ ತರಕಾರಿ ಹೆಚ್ಚಲು ಕೇಳಿದ್ದಕ್ಕೆ, ಬೇರೆ ಏನಾದರೂ ಕೇಳು ಎಂದಿದ್ದ.

ಒರೆ ಹೋದರೆ ಹೋಗಲಿ ಎನ್ನುವ ದಿನ ಇದಾಗಿರಲಿಲ್ಲ. ಕಾರ್ಖಾನೆಗೆ ಹೊಸದಾಗಿ ಬಂದ ಸುರಕ್ಷತಾ ಅಧಿಕಾರಿ ಮಧ್ಯಾಹ್ನ ಮೂರಕ್ಕೆ ಎಲ್ಲರ ಚಾಕುಗಳ ತಪಾಸಣೆ ಇಟ್ಟಿದ್ದರು. ಸರಿಯಾದ ಒರೆ ಇಲ್ಲದವನ ಚಾಕು ಜಪ್ತಿ, ಅವನಿಗೆ ನಾಳೆಯಿಂದ ಅಂಟಿನ ಕೋಣೆ ಎಂದು ನೋಟೀಸು ಹಚ್ಚಿಯಾಗಿತ್ತು.

ಅಂಟಿನ ಕೋಣೆಗೆ ಕಿಟಕಿಗಳಿದ್ದವು, ಆದರೆ ದೂಳು ಬಂದು ಅಂಟಿಗೆ ಮೆತ್ತಿಕೊಳ್ಳುತ್ತದೆಂದು ಅವನ್ನು ತೆರೆಯುತ್ತಿರಲಿಲ್ಲ. ಅಲ್ಲಿ ಮೂರು ತಿಂಗಳು ಕಳೆದವರಿಗೆ ಮೂಗು ಇದ್ದೂ ಇಲ್ಲದಂತಾಗುತ್ತಿತ್ತು. ಅಲ್ಲಿದ್ದ ಒಬ್ಬ, ಹೆಂಡತಿ ಸೀಯಿಸಿದ ಅಡುಗೆಯನ್ನು ಚೆನ್ನಾಗಿದೆ ಎಂದು ಹೊಗಳಿದ. ಗಂಡ ಗೇಲಿ ಮಾಡುತ್ತಿದ್ದಾನೆಂದು ತಿಳಿದ ಆಕೆ ಎರಡು ದಿನ ಮಾತು ಬಿಟ್ಟಳು. ಗೆರೆಯಣ್ಣನಿಗೆ ಬದುಕಿನಲ್ಲಿ ಇದ್ದ ಸುಖ ಎರಡೇ. ಹಗಲು ಫೋಮು ನೇರವಾಗಿ ಸೀಳುವುದು, ಸಂಜೆ ಮೆಟ್ಟಿಲು ಹತ್ತುವಾಗಲೇ ಮನೆಯ ಒಲೆಯ ಮೇಲೆ ಏನಿದೆಯೆಂದು ಮೂಗಿನಿಂದ ಕಂಡುಹಿಡಿಯುವುದು. ಅಂಟಿನ ಕೋಣೆಗೆ ಹೋದರೆ ಎರಡೂ ಹೋಗುತ್ತಿದ್ದವು. ಹಿತ್ತಾಳೆಯ ಗುಂಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ.

ಅಷ್ಟರಲ್ಲಿ ನಾಯಿಯ ಯಜಮಾನರು ಇಳಿದು ಬಂದರು. ಕಟ್ಟಡಗಳ ನಕ್ಷೆ ಬರೆಯುವ ಕೆಲಸದಿಂದ ನಿವೃತ್ತರಾದ ಅವರನ್ನು ಮಕ್ಕಳು ನಕ್ಷೆ ತಾತ ಎನ್ನುತ್ತಿದ್ದರು, ದೊಡ್ಡವರೂ ಅದನ್ನೇ ರೂಢಿ ಮಾಡಿಕೊಂಡಿದ್ದರು.

"ಆಗಿದ್ದು ಆಗೋಯ್ತಪ್ಪ," ಎಂದರು ತಾತ. "ನಮ್ಮ ನಾಯಿ ಮಾಡಿದ್ದನ್ನ ನಾನೇ ಸರಿ ಮಾಡ್ಕೊಡ್ತೀನಿ. ಇನ್ಮೇಲೆ ಚರ್ಮದ್ದು ಬೇಡ. ನೈಲಾನ್ ಒರೆ ತಗೋ. ಅಗ್ಗ, ಹಗುರ, ನೀರು ಬಿದ್ದರೂ ಕೆಡಲ್ಲ."

"ಮೂರು ಗಂಟೆಗೆ ತಪಾಸಣೆ, ತಾತ. ಹನ್ನೊಂದೂವರೆಗೆ ನಾನು ಬಸ್ ಹಿಡೀಬೇಕು."

"ಹನ್ನೊಂದೂವರೆ ಅಂದ್ರೆ ಒಂದು ಕಟ್ಟಡಾನೇ ಎಬ್ಬಿಸಬಹುದು," ಎಂದರು ತಾತ. ಅವರು ಬರೆದ ನಕ್ಷೆಗಳಲ್ಲಿ ಎಷ್ಟು ಎದ್ದು ನಿಂತಿದ್ದವೋ ಯಾರೂ ವಿಚಾರಿಸಿರಲಿಲ್ಲ.

ಬಸ್ ನಿಲ್ದಾಣದ ಎದುರಿನ ಫುಟ್‌ಪಾತಿನಲ್ಲಿ ಒಬ್ಬ ಬ್ಯಾಟರಿ, ಬೀಗ, ಬೆಲ್ಟುಗಳ ಜೊತೆ ನೈಲಾನ್ ಒರೆಗಳನ್ನೂ ಗುಡ್ಡೆ ಹಾಕಿಕೊಂಡು ಕೂರುತ್ತಿದ್ದ. ದೊಡ್ಡದಾಗಲಿ ಚಿಕ್ಕದಾಗಲಿ ಎಲ್ಲಕ್ಕೂ ಒಂದೇ ಬೆಲೆ, ಅದೂ ಎರಡು ಲೋಟ ಚಹಾದಷ್ಟು.

"ಇದು ಯಾವ ಚಾಕುಗೆ ಆಗುತ್ತಪ್ಪ?" ಎಂದು ಕೇಳಿದ ಗೆರೆಯಣ್ಣ.

"ಯಾವ ಚಾಕುಗಾದ್ರೂ ಆಗುತ್ತೆ ಅಣ್ಣ."

ಎಲ್ಲರಿಗೂ ಆಗುವ ಅಂಗಿ ಯಾರ ಮೈಗೂ ಕೂರುವುದಿಲ್ಲ ಎಂಬುದನ್ನು ಗೆರೆಯಣ್ಣ ಯೋಚಿಸಬೇಕಿತ್ತು. ಕೈಗೆ ಸಿಕ್ಕಿದ ಉದ್ದದ ಒರೆಯೊಂದನ್ನು ಕೊಂಡು, ಚಾಕು ಇಳಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟ. ಒರೆ ಅಂಗೈಯಷ್ಟು ಅಗಲ, ಅಲಗು ಎರಡು ಬೆರಳಿನಷ್ಟು. ಖಾಲಿ ಬಸ್ಸಿನಲ್ಲಿ ನಿಂತ ಒಬ್ಬನೇ ಪ್ರಯಾಣಿಕನ ಹಾಗೆ ಚಾಕು ಒಳಗೆ ಅತ್ತಿತ್ತ ಓಲಾಡಿತು. ಮನೆಯ ತಿರುವಿಗೆ ಬರುವಷ್ಟರಲ್ಲಿ ಅದರ ತುದಿ ನೈಲಾನಿನ ತಳ ತೂತು ಮಾಡಿ ಪ್ಯಾಂಟನ್ನು ತೊಡೆಯಿಂದ ಮೊಣಕಾಲಿನವರೆಗೆ ಸೀಳಿತ್ತು. ಸೀಳು ಮಾತ್ರ ನೇರವಾಗಿತ್ತು.

"ಪುಣ್ಯಕ್ಕೆ ಪ್ಯಾಂಟು ಅಷ್ಟೆ," ಎಂದರು ತಾತ. "ಒಳಗೆ ಗಟ್ಟಿ ಪದರ ಒಂದು ಬೇಕು. ಆಮೇಲೆ ಅಗಲ ಕಮ್ಮಿ ಮಾಡ್ಬೇಕು. ಎರಡು ಕೆಲಸ, ಮುಗೀತು."

ಹತ್ತು ಜನ ಸೇರಿದ ಕಡೆ ಹಾವೂ ಸಾಯುವುದಿಲ್ಲ ಎನ್ನುತ್ತಾರೆ. ಗೆರೆಯಣ್ಣನ ಅಡುಗೆಮನೆಯಲ್ಲಿ ಸೇರಿದ್ದು ಐದೇ ಜನ, ಆದರೆ ಹತ್ತು ಜನರ ಬುದ್ಧಿ ಇತ್ತು. ತಾತ ಮೇಜಿನ ಮೇಲೆ ಕಾಗದ ಹರಡಿ ಒರೆಯ ನಕ್ಷೆ ಬರೆದರು, ಮುಂದಿನಿಂದ ಒಂದು, ಪಕ್ಕದಿಂದ ಒಂದು, ಮೇಲಿನಿಂದ ಒಂದು. ಟೈಲರ್ ಅಕ್ಕ ನಕ್ಷೆಯನ್ನು ನೋಡದೆಯೇ ಒರೆಯನ್ನು ತಿರುವಿ, ಪಕ್ಕಕ್ಕೆ ಎರಡು ಹೊಲಿಗೆ ಹಾಕಿ ಬಿಗಿ ಮಾಡಲು ಕೆಳಗೆ ಒಯ್ದಳು. ಹೆಂಡತಿ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಲು ಇಟ್ಟಳು. ನೀರು ಯಾಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಅವಳೂ ಕೇಳಲಿಲ್ಲ.

ನೀರು ಬೇಕಾದದ್ದು ಪೈಪಿಗೆ. ನೀರಿನ ಪೈಪಿನ ಒಂದು ತುಂಡನ್ನು ಕುದಿಯುವ ನೀರಿನಲ್ಲಿ ಮೆತ್ತಗೆ ಮಾಡಿ, ಚಾಕುವಿನ ಮೇಲೆ ಚಪ್ಪಟೆಯಾಗಿ ಒತ್ತಿ, ತಣಿದ ಮೇಲೆ ಒರೆಯೊಳಗೆ ಕೂರಿಸಬೇಕು, ಹಾಗೆ ಕೂರಿಸಿದರೆ ಅಲಗು ನೈಲಾನನ್ನು ಮುಟ್ಟುವುದೇ ಇಲ್ಲ ಎಂಬುದು ತಾತನ ಯೋಜನೆ. ಯೋಜನೆ ಕೆಟ್ಟದ್ದೇನಲ್ಲ. ಅದಕ್ಕೆ ಅಡ್ಡಿ ಬಂದದ್ದು ಭಾಮೈದ.

ಹೆಂಡತಿಯ ತಮ್ಮನಾದ ಈ ಭಾಮೈದ ಅದೇ ಕಾರ್ಖಾನೆಯ ಮಂಚದ ವಿಭಾಗದಲ್ಲಿ ಬಡಗಿ. ಅವತ್ತು ಅವನ ವಾರದ ರಜೆ. ಅಕ್ಕ ಫೋನು ಮಾಡಿದ್ದೇ ತಡ, ಉಪಕರಣಗಳ ಚೀಲ ಹೆಗಲಿಗೆ ಹಾಕಿಕೊಂಡು ಬಂದ.

"ಭಾವ, ನಿಜವಾದ ಚಾಕು ಮೇಲೆ ಬಿಸಿ ಪೈಪು ಒತ್ತಿದ್ರೆ ಪೈಪೂ ಸೀಳುತ್ತೆ, ಒತ್ತೋವ್ರ ಕೈಯೂ ಸೀಳುತ್ತೆ," ಎಂದ. "ಅಚ್ಚಿಗೆ ಒಂದು ಮರದ ಚಾಕು ಮಾಡ್ಕೊಡ್ತೀನಿ. ಅದರ ಮೇಲೆ ಒತ್ತಿ."

"ಅದನ್ನ ನಾನೂ ಯೋಚನೆ ಮಾಡಿದ್ದೆ," ಎಂದರು ತಾತ.

"ನಕ್ಷೇಲಿ ಕಾಣಲಿಲ್ಲ."

"ನಾಲ್ಕನೇ ನಕ್ಷೇಲಿ ಬರೋದಿತ್ತು."

ಒಂದೇ ಒರೆಯಲ್ಲಿ ಎರಡು ಕತ್ತಿ ಇರಲಾರವು ಎಂಬ ಮಾತು ಆ ಅಡುಗೆಮನೆಗೂ ಅನ್ವಯಿಸುತ್ತಿತ್ತು. ತಾತ ಮೂತಿ ಬಿಗಿದುಕೊಂಡು ಕನ್ನಡಕ ಹುಡುಕತೊಡಗಿದರು. ಪೆಟ್ಟಿಗೆ ನಾಯಿಯ ಪಾಲಾದಾಗಿನಿಂದ ಅವರ ಕನ್ನಡಕ ಒಂದು ಕಡೆ ನಿಂತಿರಲಿಲ್ಲ. ಭಾಮೈದ ಬಾಲ್ಕನಿಗೆ ಹೋಗಿ ಕೂತ. ಹತ್ತು ವರ್ಷದಿಂದ ಮಂಚದ ಕಾಲುಗಳನ್ನೇ ಮಾಡಿ ಮಾಡಿ ಬೇಸತ್ತಿದ್ದ ಅವನಿಗೆ ಇಂಥ ನಾಜೂಕಿನ ಕೆಲಸ ಸಿಕ್ಕಿದ್ದು ಇದೇ ಮೊದಲು. ಅಲಗಿನ ಬಾಗು, ತುದಿಯ ಇಳಿಜಾರು, ಹಿಡಿಯ ಉಬ್ಬು, ಎಲ್ಲವನ್ನೂ ಅಳೆದು ಅಳೆದು ಕೆತ್ತಿದ. ಹಿಡಿಯ ದಪ್ಪ ಸರಿಯಾಗಿ ಬರಬೇಕೆಂದು ಅದಕ್ಕೂ ಟೇಪು ಸುತ್ತಿದ. ಬರಿಯ ಅಚ್ಚಿಗೆ ಅಷ್ಟೆಲ್ಲ ಬೇಕಿರಲಿಲ್ಲ. ಆದರೆ ಕಲೆ ಹೊಟ್ಟೆಯಲ್ಲಿ ಇಟ್ಟುಕೊಂಡವನು ಎಲ್ಲಾದರೂ ಒಂದು ಕಡೆ ಹೊರಹಾಕಲೇಬೇಕು.

ಹತ್ತೂವರೆಗೆ ಪೈಪು ಬೆಂದಿತು. ಭಾಮೈದ ಮರದ ಚಾಕುವನ್ನು ಅದರೊಳಗೆ ತೂರಿಸಿ, ಎರಡು ಹಲಗೆಗಳ ನಡುವೆ ಇಟ್ಟು, ಮೇಲೆ ತಾನೇ ಹತ್ತಿ ನಿಂತ. ತಣಿದ ಮೇಲೆ ನೋಡಿದರೆ ಪೈಪು ಚಾಕುವಿನ ಆಕಾರಕ್ಕೆ ಸರಿಯಾಗಿ ಬಂದಿತ್ತು. ಗೆರೆಯಣ್ಣನ ಮುಖದಲ್ಲಿ ಬೆಳಗಿನಿಂದ ಮೊದಲ ಸಲ ಕಳೆ ಬಂತು. ಕೆಳಗಿನಿಂದ ಟೈಲರ್ ಅಕ್ಕ ಒರೆ ತಂದಳು. ಕಪ್ಪು ದಾರ ಮುಗಿದದ್ದರಿಂದ ಅರ್ಧ ಹೊಲಿಗೆ ಕೆಂಪು ದಾರದ್ದಾಗಿತ್ತು.

"ಮೂರು ಸೂಜಿ ಮುರೀತು ಅಣ್ಣ," ಎಂದಳು. "ಪ್ಯಾಂಟು ಕೊಡಿ, ಹೆಂಗೂ ಮಿಷನ್ನು ಬಿಸಿ ಆಗಿದೆ, ಅದನ್ನೂ ಹೊಲಿದ್ಬಿಡ್ತೀನಿ."

ಹತ್ತೂವರೆ ಹನ್ನೊಂದಾಯಿತು. ಗೆರೆಯಣ್ಣ ಪ್ಯಾಂಟು ಬದಲಿಸಲು ಒಳಗೆ ಹೋದ. ಉಳಿದ ಪ್ಯಾಂಟುಗಳಲ್ಲಿ ಒಂದು ಒಗೆಯುವುದಕ್ಕೆ ಹೋಗಿತ್ತು, ಒಂದು ಮೊನ್ನೆಯಿಂದ ಸೊಂಟಕ್ಕೆ ಏರುತ್ತಿರಲಿಲ್ಲ. ಅದನ್ನೇ ಉಸಿರು ಕಟ್ಟಿ ಏರಿಸಿಕೊಂಡ. ಅವನು ಒಳಗಿದ್ದಾಗ ಹೊರಗೆ ಅಂಟಿನ ಕೆಲಸ ನಡೆಯಿತು. ಮಂಚದ ಕಾಲುಗಳಿಗೆಂದು ಕಾರ್ಖಾನೆ ಕೊಟ್ಟ ಹಳದಿ ಅಂಟು ಭಾಮೈದನ ಚೀಲದಲ್ಲಿ ಒಂದು ಡಬ್ಬಿ ಇತ್ತು. ಪೈಪಿನ ಮೈಗೆ ತೆಳ್ಳಗೆ ಸವರಿ ಒರೆಯೊಳಗೆ ತುರುಕಿದರೆ ಸಾಕು ಎಂದ ಭಾಮೈದ. ಸ್ವಲ್ಪ ಜಾಸ್ತಿಯೇ ಇರಲಿ ಎಂದು ತಾತ ಡಬ್ಬಿಯನ್ನು ಬಗ್ಗಿಸಿದರು. ಅಷ್ಟರಲ್ಲಿ ನಾಯಿ ಅಂಟಿನ ವಾಸನೆಗೆ ಅಡುಗೆಮನೆಗೆ ನುಗ್ಗಿತು. ಭಾಮೈದ ಅದರ ಕೊರಳಪಟ್ಟಿ ಹಿಡಿದು ಮೇಲಿನ ಮಹಡಿಗೆ ಎಳೆದೊಯ್ದ.

"ರೀ, ಬಸ್ಸು ತಿರುವಲ್ಲಿ ಬಂತು," ಎಂದು ಹೆಂಡತಿ ಬಾಲ್ಕನಿಯಿಂದ ಕೂಗಿದಳು.

ಗೆರೆಯಣ್ಣ ಹೊರಗೆ ಬಂದ. ಮೇಜಿನ ಮೇಲೆ ಒರೆ ಸಿದ್ಧವಾಗಿತ್ತು. ಬಿಗಿಯಾಗಿ, ಅಚ್ಚುಕಟ್ಟಾಗಿ, ಬಾಯಿಂದ ಕಪ್ಪು ಟೇಪಿನ ಹಿಡಿ ಹೊರಚಾಚಿಕೊಂಡು ಮಲಗಿತ್ತು.

"ಆಯ್ತಾ ತಾತ? ತಗೊಂಡು ಹೋಗ್ಲಾ?"

ತಾತ ಆಗ ಡಬ್ಬಿಗಳ ಹಿಂದೆ ಕನ್ನಡಕ ಹುಡುಕುತ್ತಿದ್ದರು. "ಆಯ್ತಪ್ಪ, ಆಯ್ತು. ಹೋಗ್ಬಾ, ಒಳ್ಳೇದಾಗಲಿ," ಎಂದರು.

ಫೋನು ಕೂಗಿದರೂ ಕೇಳಿಸದ ಗದ್ದಲದ ಬಸ್ಸಿನಲ್ಲಿ ಗೆರೆಯಣ್ಣ ಸೊಂಟವನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡ. ಹಳೆಯ ಚರ್ಮದ ಒರೆ ಇದ್ದಾಗ ಸೊಂಟದ ಒಂದು ಪಕ್ಕ ಜಗ್ಗುತ್ತಿತ್ತು. ಈಗ ಏನೂ ಕಟ್ಟಿಕೊಂಡಿಲ್ಲವೆಂಬಂತೆ ಇತ್ತು. ನೈಲಾನ್ ಹಗುರ ಎಂದು ತಾತ ಹೇಳಿದ್ದು ಸುಳ್ಳಲ್ಲ ಎಂದುಕೊಂಡ. ನಾಯಿಯ ಮೇಲಿನ ಸಿಟ್ಟೂ ಇಳಿಯಿತು.

ಕಾರ್ಖಾನೆಯ ಗೇಟಿನಲ್ಲಿ ಎಲ್ಲರಂತೆ ಅವನೂ ಫೋನನ್ನು ಪೆಟ್ಟಿಗೆಗೆ ಹಾಕಿ ಒಳಗೆ ಹೋದ. ಮೊದಲ ಫೋಮಿನ ಮುಂದೆ ನಿಂತು, ಕಾಲು ಅಗಲಿಸಿ, ಹಿಡಿಗೆ ಕೈಹಾಕಿ ಎಳೆದ. ಚಾಕು ಬರಲಿಲ್ಲ. ಇನ್ನೊಮ್ಮೆ ಎಳೆದ. ಒರೆ ಬಂತು, ಬೆಲ್ಟು ಬಂತು, ಬಿಗಿ ಪ್ಯಾಂಟಿನ ಗುಂಡಿಯೂ ಬಂತು. ಚಾಕು ಬರಲಿಲ್ಲ.

ಹಾಳಾದ ಅಂಟು ಒಳಗೆ ಇಳಿದಿದೆ ಎಂದು ಅವನಿಗೆ ಆಗ ಹೊಳೆಯಿತು. ಒರೆಯ ಬಾಯಂಚಿನಲ್ಲಿ ಕಾರ್ಖಾನೆಯದೇ ಹಳದಿ ಅಂಟು ಹೆಪ್ಪುಗಟ್ಟಿತ್ತು.

ಫೋಮಿನ ಸುರುಳಿಗಳನ್ನು ಒಬ್ಬನೇ ಹೊರುತ್ತಿದ್ದ ಸಹೋದ್ಯೋಗಿಯನ್ನು ಎಲ್ಲರೂ ಕ್ರೇನು ಎನ್ನುತ್ತಿದ್ದರು. ಅವನು ಬಂದು, "ಕೊಡಿ ಇಲ್ಲಿ" ಎಂದು ಹಿಡಿಯನ್ನು ತಾನು ಹಿಡಿದು, ಒರೆಯನ್ನು ಗೆರೆಯಣ್ಣನ ಕೈಗೆ ಕೊಟ್ಟು ಎಳೆದ. ಗೆರೆಯಣ್ಣ ಒರೆಯ ಸಮೇತ ನಾಲ್ಕು ಹೆಜ್ಜೆ ಜಾರಿಕೊಂಡು ಹೋದ. ಹೊಲಿಗೆ ವಿಭಾಗದವರು ಯಂತ್ರದ ಎಣ್ಣೆ ತಂದು ಬಾಯಿಗೆ ಬಿಟ್ಟರು. ಲೆಕ್ಕದ ಕೋಣೆಯಿಂದ ಒಬ್ಬರು ಎದ್ದು ಬಂದು, ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆಯುವಾಗ ತಾವು ಬಿಸಿ ಬಟ್ಟೆ ಸುತ್ತುವುದುಂಟು ಎಂದು ತಿಳಿಸಿ ವಾಪಸು ಹೋದರು. ಯಾವುದರಿಂದಲೂ ಏನೂ ಆಗಲಿಲ್ಲ. ಆ ಅಂಟಿನ ಗುಣ ಗೆರೆಯಣ್ಣನಿಗೆ ಗೊತ್ತಿತ್ತು. ಫೋಮಿಗೆ ಹಚ್ಚಿದರೆ ಫೋಮು ಹರಿಯುತ್ತದೆ, ಅಂಟು ಬಿಡುವುದಿಲ್ಲ.

ಬೇರೆಯವರ ಚಾಕುವಿನಲ್ಲಿ ಅವನು ಅಂದು ಎರಡು ಫೋಮು ಕತ್ತರಿಸಿದ. ಎರಡೂ ಸೊಟ್ಟಗಾದವು. ಜನ ಬಂದು ನೋಡಿ ಹೋದರು. ಬೈದಿದ್ದರೆ ಅವನಿಗೆ ಇಷ್ಟು ನೋವಾಗುತ್ತಿರಲಿಲ್ಲ.

ಮೂರಕ್ಕೆ ಸರಿಯಾಗಿ ಸುರಕ್ಷತಾ ಅಧಿಕಾರಿ ಬಂದರು, ಅವರ ಹಿಂದೆ ಮ್ಯಾನೇಜರು. ಅಧಿಕಾರಿಯ ಕೈಯಲ್ಲಿ ರಟ್ಟಿಗೆ ಕಚ್ಚಿಸಿದ ಒಂದು ಹಾಳೆ, ಹಾಳೆಯಲ್ಲಿ ಹನ್ನೊಂದು ಪ್ರಶ್ನೆಗಳು. ಮೊದಲನೆಯವನ ಒರೆ ರಟ್ಟಿನದು, ಮೂರನೆಯ ಪ್ರಶ್ನೆಗೇ ಬಿತ್ತು. ಎರಡನೆಯವನದು ಹಳೆಯ ಕಾಲುಚೀಲ, ಅದಕ್ಕೆ ಪ್ರಶ್ನೆಯನ್ನೇ ಕೇಳಲಿಲ್ಲ. ಕ್ರೇನಿನ ಒರೆಯನ್ನು ತಲೆಕೆಳಗು ಮಾಡಿದಾಗ ಚಾಕು ಜಾರಿ ಅಧಿಕಾರಿಯ ಬೂಟಿನ ಪಕ್ಕದಲ್ಲೇ ನಾಟಿತು. ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದು, ನೀರು ಕುಡಿದು, ಮುಂದಿನವನನ್ನು ಕರೆದರು.

ಮುಂದಿನವನು ಗೆರೆಯಣ್ಣ. ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಒರೆಯನ್ನು ಮೇಜಿನ ಮೇಲಿಟ್ಟ.

ಅಧಿಕಾರಿ ಒರೆಯ ತಳವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ತುದಿ ಚುಚ್ಚಲಿಲ್ಲ. ಹಾಳೆಯಲ್ಲಿ ಒಂದು ಗುರುತು ಹಾಕಿದರು. ಪಕ್ಕಗಳನ್ನು ಒತ್ತಿದರು, ಗಟ್ಟಿ. ತಲೆಕೆಳಗು ಮಾಡಿದರು, ಚಾಕು ಬೀಳಲಿಲ್ಲ. ಅಲ್ಲಾಡಿಸಿದರು. ಮೇಜಿನಿಂದ ನೆಲಕ್ಕೆ ಬೀಳಿಸಿದರು. ಕೊನೆಗೆ ಹಿಡಿಯನ್ನು ಹಿಡಿದು ಒರೆ ಗಾಳಿಯಲ್ಲಿ ತೂಗಾಡುವಂತೆ ಬೀಸಿದರು. ಅವರು ಒಂದೊಂದು ಸಲ ಕೈಹಾಕಿದಾಗಲೂ ಗೆರೆಯಣ್ಣ, ಇನ್ನು ಚಾಕು ತೆಗೆದು ತೋರಿಸು ಎನ್ನುತ್ತಾರೆಂದು ಕಾದ. ಹನ್ನೊಂದು ಪ್ರಶ್ನೆಗಳಲ್ಲಿ ಚಾಕು ತಾನಾಗಿ ಹೊರಗೆ ಬೀಳುತ್ತದೆಯೇ ಎಂಬುದು ಮೂರು ರೀತಿಯಲ್ಲಿ ಇತ್ತು. ಬೇಕಾದಾಗ ಹೊರಗೆ ಬರುತ್ತದೆಯೇ ಎಂಬ ಪ್ರಶ್ನೆ ಎಲ್ಲಿಯೂ ಇರಲಿಲ್ಲ.

"ಹನ್ನೊಂದಕ್ಕೆ ಹನ್ನೊಂದು," ಎಂದರು ಅಧಿಕಾರಿ. "ನನ್ನ ಸರ್ವೀಸಲ್ಲಿ ಇದೇ ಮೊದಲು. ಇದನ್ನ ಎಲ್ಲಿ ಕೊಂಡ್ರಿ?"

ಗೆರೆಯಣ್ಣನಿಗೆ ಕಣ್ಣಲ್ಲಿ ನೀರು ಬಂತು. ಬೆಳಗಿನಿಂದ ಪಟ್ಟ ಪಾಡೆಲ್ಲ ಸಾರ್ಥಕವಾಯಿತೆನಿಸಿತು. ಆ ಸಂತೋಷದಲ್ಲಿ ಎರಡು ಮಾತು ಹೆಚ್ಚೇ ಆಡಿದ.

"ಒರೆ ಫುಟ್‌ಪಾತಿನದು ಸಾರ್, ತುಂಬ ಅಗ್ಗ. ಒಳಗೆ ನೀರಿನ ಪೈಪು ಹಾಕಿದೀವಿ. ನಮ್ಮ ಕಾರ್ಖಾನೆ ಅಂಟೇ. ಮನೇಲೇ ಮಾಡಿದ್ದು, ಒಂದು ಬೆಳಿಗ್ಗೇಲಿ ಆಯ್ತು."

ಮ್ಯಾನೇಜರು ಮೊದಲ ಸಲ ತಲೆ ಎತ್ತಿದರು. "ಪೈಪು, ಅಂಟು, ಅಗ್ಗದ ನೈಲಾನು," ಎಂದು ಬೆರಳು ಮಡಚಿದರು. "ನಮ್ಮಲ್ಲಿ ಚಾಕು ಹಿಡಿಯೋರು ಎಷ್ಟು ಜನ ಇದಾರೆ?"

"ಅರವತ್ತೆರಡು," ಎಂದರು ಅಧಿಕಾರಿ.

"ಹಾಗಾದ್ರೆ ಅರವತ್ತೆರಡು ಇಂಥದ್ದೇ ಆಗ್ಲಿ. ಕೂದಲೆಳೆಯಷ್ಟೂ ವ್ಯತ್ಯಾಸ ಇರಬಾರದು. ಇವರೇ ಮಾಡ್ಲಿ. ನಾಳೆ ಬೆಳಿಗ್ಗೆಯಿಂದ ಅಂಟಿನ ಕೋಣೇಲಿ ಇವರಿಗೊಂದು ಮೇಜು ಹಾಕ್ಸಿ."

"ಸಾರ್, ನಾನು ಕತ್ತರಿಸೋನು," ಎಂದ ಗೆರೆಯಣ್ಣ.

"ಕತ್ತರಿಸೋಕೆ ಯಾರಾದ್ರೂ ಸಿಗ್ತಾರೆ ಬಿಡ್ರಿ. ನಿಮ್ಮಂಥ ತಲೆ ಎಲ್ಲಿ ಸಿಗುತ್ತೆ," ಎಂದರು ಮ್ಯಾನೇಜರು. "ಈ ಒರೆ ಚಾಕು ಸಮೇತ ಗೇಟಿನ ಹತ್ತಿರ ಗಾಜಿನ ಪೆಟ್ಟಿಗೇಲಿ ಇರ್ಲಿ, ಮಾದರಿಗೆ. ನೀವು ಇವತ್ತು ಬೇಗ ಮನೆಗೆ ಹೋಗಿ, ನಾಳೆ ಏಳಕ್ಕೇ ಬನ್ನಿ."

ಗೆರೆಯಣ್ಣ ಲೆಕ್ಕ ಹಾಕಿದ. ಚಾಕು ಹೊರಗೆ ಬರುವುದಿಲ್ಲ ಎಂದರೆ ಒರೆ ಸರಿಯಿಲ್ಲದವನೆಂದು ಅಂಟಿನ ಕೋಣೆ. ಅನ್ನದಿದ್ದರೆ ಒರೆ ಸರಿಯಿರುವವನೆಂದು ಅಂಟಿನ ಕೋಣೆ. ಅತ್ತ ದರಿ, ಇತ್ತ ಪುಲಿ. ನೋಡನೋಡುತ್ತಿದ್ದಂತೆ ಕ್ರೇನು ಅವನ ಒರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗೇಟಿನ ಕಡೆ ಹೊರಟ. ಎಲ್ಲರೂ ಚಪ್ಪಾಳೆ ತಟ್ಟಿದರು.

ಗೇಟಿನ ಬಳಿ ಅವನ ಚಾಕು ಆಗಲೇ ಗಾಜಿನೊಳಗಿತ್ತು. ಹನ್ನೊಂದು ವರ್ಷ ಜೊತೆಯಲ್ಲಿ ದುಡಿದದ್ದು. ಗಾಜನ್ನು ಅಂಗೈಯಿಂದ ಒರೆಸಿ ಇನ್ನೊಮ್ಮೆ ನೋಡಿದ. ಪಕ್ಕದ ಫೋನಿನ ಪೆಟ್ಟಿಗೆಯಿಂದ ತನ್ನ ಫೋನು ತೆಗೆದುಕೊಂಡ. ಭಾಮೈದನಿಂದ ಏಳು ಕರೆಗಳು ಬಂದಿದ್ದವು. ತಪಾಸಣೆ ಏನಾಯಿತೆಂದು ಕೇಳಲು ಇರಬೇಕು. ಹೇಳುವ ಮನಸ್ಸಿರಲಿಲ್ಲ, ಫೋನನ್ನು ಜೇಬಿಗೆ ಹಾಕಿಕೊಂಡ.

ಮನೆಯ ಮೆಟ್ಟಿಲು ಹತ್ತುವಾಗ ಅವನು ಬೇಕೆಂದೇ ನಿಧಾನವಾಗಿ ಹತ್ತಿದ. ಈರುಳ್ಳಿ ಬಾಡುವ ವಾಸನೆ ಮೊದಲ ತಿರುವಿನಲ್ಲೇ ಸಿಕ್ಕಿತು. ಎರಡನೆಯ ತಿರುವಿನಲ್ಲಿ ಹಸಿ ಕುಂಬಳಕಾಯಿಯ ವಾಸನೆ. ಇನ್ನು ಎಷ್ಟು ದಿನ ಎಂದು ಒಂದು ಕ್ಷಣ ನಿಂತು ಆಳವಾಗಿ ಎಳೆದುಕೊಂಡ.

ಅಡುಗೆಮನೆಯಲ್ಲಿ ಹೆಂಡತಿ ಕುಂಬಳಕಾಯಿ ಹೆಚ್ಚುತ್ತಿದ್ದಳು. ಹೋಳುಗಳು ಒಂದರ ಪಕ್ಕ ಒಂದು ನೇರವಾಗಿ ಬೀಳುತ್ತಿದ್ದವು. ಅವಳ ಕೈಯಲ್ಲಿ ಒಂಬತ್ತು ಇಂಚಿನ ಸಪೂರ ಅಲಗಿತ್ತು, ಕಪ್ಪು ಟೇಪಿನ ಹಿಡಿಯಿತ್ತು.

ಗೆರೆಯಣ್ಣ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

"ಬಂದ್ರಾ?" ಎಂದಳು ಅವಳು ತಲೆ ಎತ್ತದೆ. "ತಮ್ಮ ಬಸ್ ಹಿಂದೇನೇ ಓಡಿದ, ನೀವು ತಿರುಗಿ ನೋಡ್ಲಿಲ್ಲ. ಅಂಟು ಒಣಗೋವರೆಗೂ ಪೈಪಿನ ಆಕಾರ ಕೆಡಬಾರದು ಅಂತ ಮರದ್ದನ್ನ ಒಳಗೇ ಇಟ್ಟಿದ್ನಂತೆ. ನೀವು ಅದನ್ನೇ ಕಟ್ಕೊಂಡು ಹೋದ್ರಿ. ಫೋನ್ ಮಾಡಿ ಮಾಡಿ ಸಾಕಾಗಿ ಈಗ ತಾನೇ ಹೋದ. ಮರದ್ದನ್ನ ಜೋಪಾನವಾಗಿ ವಾಪಸ್ ತರಬೇಕಂತೆ. ಅಂಥ ಕೆಲಸ ಜೀವಮಾನದಲ್ಲಿ ಮಾಡಿರ್ಲಿಲ್ವಂತೆ."

ಗೆರೆಯಣ್ಣ ಸ್ಟೂಲಿನ ಮೇಲೆ ಕೂತು, ಹನ್ನೊಂದು ಪ್ರಶ್ನೆ, ಅರವತ್ತೆರಡು ಒರೆ, ಗಾಜಿನ ಪೆಟ್ಟಿಗೆ, ಅಂಟಿನ ಕೋಣೆಯ ಮೇಜು, ಎಲ್ಲವನ್ನೂ ಹೇಳಿದ. ಅವಳು ಹೆಚ್ಚುವುದನ್ನು ನಿಲ್ಲಿಸಿ ಪೂರ್ತಿ ಕೇಳಿದಳು. ಗಂಡನ ಮುಖ ನೋಡಿ ಅವಳಿಗೂ ಕೆಡುಕೆನಿಸಿತು. ಎದ್ದು ಚಾಕುವನ್ನು ತೊಳೆದು, ಒರೆಸಿ, ಅಲಗಿನ ಮೇಲೆ ಬೆರಳಿಟ್ಟು ನೋಡಿದಳು.

"ಹಾಗಾದ್ರೆ ಇದು ಇನ್ಮೇಲೆ ಮನೇಲೇ ಇರುತ್ತೆ ಅನ್ನಿ," ಎಂದಳು. "ಆದ್ರೆ ಇಷ್ಟು ಹರಿತದ್ದನ್ನ ಹೀಗೆ ಬರಿದೇ ಇಡೋಕಾಗಲ್ಲ. ಹೆಂಗೂ ಅರವತ್ತೆರಡು ಮಾಡ್ತೀರಲ್ಲ, ಇದಕ್ಕೂ ಒಂದು ಒರೆ ಮಾಡಿ ತನ್ನಿ."